ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ

ಪರದೇಶದ ನೆಲದ ಮೇಲೆ ಬಲಗಾಲಿಟ್ಟ ಕ್ಷಣದಲ್ಲೇ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ: "ನಾನು ಈ ಊರಿಗೆ ಹೊಸಬಳು ಅಂತ ಒಂದು ನರಪಿಳ್ಳೆಗೂ ಗೊತ್ತಾಗಕೂಡದು!"

ನನಗಿಂತ ಎರಡು ವರ್ಷ ಮುಂಚೆಯೇ ಬಂದು ಇಲ್ಲಿ ಬೀಡುಬಿಟ್ಟಿದ್ದ ನಮ್ಮವರು ಟ್ರಾಲಿ ತಳ್ಳುತ್ತಾ ನನ್ನ ಸಾಮಾನಿನ ಕಡೆ ನೋಡಿದರು. "ಸೂಟ್‌ಕೇಸಿಗೆ ಹಗ್ಗ ಬಿಗಿದು ಗಂಟಿನ ಮೇಲೆ ಗಂಟು ಹಾಕಿದ್ದೀಯ. ಗೊತ್ತಾಗದೆ ಇರುತ್ತಾ?" ಅಂದರು.

"ಹಗ್ಗ ಬಿಚ್ಚಿದರಾಯ್ತು. ಆಮೇಲೆ ನೋಡ್ತಿರಿ, ನನ್ನ ಹತ್ರ ಒಂದು ಸೂತ್ರ ಇದೆ."

"ಏನದು?"

"ಮುಂದಿರೋರು ಏನು ಮಾಡ್ತಾರೋ ಅದನ್ನೇ ಮಾಡೋದು ರೀ. ಅವರು ನಿಂತ್ರೆ ನಿಲ್ಲೋದು, ನಡೆದ್ರೆ ನಡೆಯೋದು. ಅಷ್ಟೇ!"

"ಮುಂದಿರೋರು ಬಾವಿಗೆ ಬಿದ್ರೆ?"

"ಈ ಊರಲ್ಲಿ ಬಾವಿ ಎಲ್ಲಿದೆ, ತೋರಿಸಿ!"

ತೋರಿಸಲು ಅವರ ಕೈಲಿ ಆಗಲಿಲ್ಲ. ಪರದೇಶದಲ್ಲಿ ನನ್ನ ಮೊದಲ ಗೆಲುವು ಅದೇ. ಕೊನೆಯದೂ ಅದೇ ಎಂದು ಆಗ ನನಗೆ ಗೊತ್ತಿರಲಿಲ್ಲ.

ಸೂತ್ರ ಹಿಡಿದು ಮರುದಿನ ಬೆಳಗ್ಗೆ ಬೀದಿಗಿಳಿದೆ. ಅಬ್ಬಾ, ಏನಂತ ಹೇಳಲಿ! ಅಂಗಡಿಯ ಗಾಜಿನ ಬಾಗಿಲು ನನ್ನನ್ನು ಕಂಡ ಕೂಡಲೇ ತಾನಾಗಿ ತೆರೆಯಿತು. ಇಷ್ಟು ವರ್ಷದ ಬಾಳಿನಲ್ಲಿ ನನ್ನನ್ನು ಕಂಡು ಯಾವ ಬಾಗಿಲೂ ಇಷ್ಟು ಸಂಭ್ರಮಪಟ್ಟಿರಲಿಲ್ಲ. ಮರ್ಯಾದೆಗೆ ಅದಕ್ಕೊಂದು ಥ್ಯಾಂಕ್ಸ್ ಹೇಳಿದೆ. ಮುಂದೆ ರಸ್ತೆ ದಾಟುವ ಕಡೆ ಬಂದರೆ ಅಲ್ಲೊಬ್ಬರು ಅಜ್ಜಿ, ಅಜ್ಜಿಯ ಪಕ್ಕ ಒಂದು ನಾಯಿ. ಕಣ್ಣು ಹಾಯುವಷ್ಟು ದೂರಕ್ಕೂ ರಸ್ತೆಯಲ್ಲಿ ಒಂದು ಸೈಕಲ್ ಕೂಡ ಇಲ್ಲ. ಆದರೂ ಅಜ್ಜಿ ನಿಂತಿದ್ದಾರೆ! ಯಾಕೆ? ಎದುರಿನ ಕಂಬದಲ್ಲಿ ಕೆಂಪು ದೀಪ! ನಾಯಿಯೂ ಅದೇ ದೀಪವನ್ನು ನೋಡುತ್ತಾ ನಿಂತಿದೆ! ದೀಪ ಹಸಿರಾದಾಗ ಮೊದಲು ಹೆಜ್ಜೆ ಎತ್ತಿದ್ದೂ ನಾಯಿಯೇ. ನನಗೆ ಮೈ ಝುಂ ಅಂದಿತು. ನಮ್ಮ ಕಡೆ ರಸ್ತೆ ದಾಟುವಾಗ ನಾವು ನೋಡುವುದು ದೇವರನ್ನು ಮಾತ್ರ. ನಾನು ಭಕ್ತಿಯಿಂದ ನಾಯಿಯ ಹಿಂದೆ ರಸ್ತೆ ದಾಟಿದೆ.

ಸೂತ್ರದಲ್ಲಿ ಸಣ್ಣಪುಟ್ಟ ತೊಂದರೆಗಳು ಇದ್ದವು, ಇಲ್ಲ ಅನ್ನುವುದಿಲ್ಲ. ಒಂದು ಸಲ ದೊಡ್ಡ ಅಂಗಡಿಯಲ್ಲಿ ನನ್ನ ಮುಂದಿದ್ದ ಹೆಂಗಸು ಏನೇನು ತಗೊಂಡಳೋ ಅದನ್ನೆಲ್ಲ ತಗೊಂಡು ಬಂದೆ. ಒಂದು ಚೀಲದಲ್ಲಿ ಬೆಳ್ಳಗೆ ಹರಳು ಹರಳಾಗಿ ಏನೋ ಇತ್ತು. ಕಲ್ಲುಪ್ಪು ಅಂತ ಡಬ್ಬಿಗೆ ಸುರಿದಿಟ್ಟೆ. ಸಂಜೆ ನಮ್ಮವರು ಖಾಲಿ ಚೀಲ ಹಿಡಿದು ಕೂಗಿಕೊಂಡರು.

"ಏನೇ ಇದು! ಬೆಕ್ಕು ಕಕ್ಕಸು ಮಾಡೋ ಮರಳು ಕಣೇ! ಚೀಲದ ಮೇಲೆ ಅಷ್ಟು ದೊಡ್ಡದಾಗಿ ಬೆಕ್ಕಿನ ಚಿತ್ರ ಇದೆ, ಕಾಣಿಸಲಿಲ್ವಾ?"

"ಚಿತ್ರ ಇದ್ದರೇನಂತೆ? ಬೆಂಕಿಪೊಟ್ಟಣದ ಮೇಲೆ ಕುದುರೆ ಚಿತ್ರ ಇರುತ್ತೆ. ಒಳಗೆ ಕುದುರೆ ಇರುತ್ತಾ?"

ಉತ್ತರ ಚೆನ್ನಾಗೇ ಇತ್ತು. ಆದರೆ ಆ ಉಪ್ಪು ಅಡುಗೆಗೆ ಬಿದ್ದಿರಲಿಲ್ಲ ಎಂದು ಅವರಿಗೆ ಮೂರು ಸಲ ಪ್ರಮಾಣ ಮಾಡಿ ಹೇಳಬೇಕಾಯಿತು.

ಇಷ್ಟೆಲ್ಲ ನಗು ಇದ್ದರೂ ಹಗಲು ಮಾತ್ರ ಉದ್ದವಾಗಿರುತ್ತಿತ್ತು. ಊರಲ್ಲಿ ನಾನು ಶಾಲೆಯ ಲೈಬ್ರರಿ ಟೀಚರ್. ತರಕಾರಿ ಅಂಗಡಿಗೆ ಹೋದರೂ, ಹಲ್ಲು ಕೀಳಿಸಲು ಬಾಯಿ ತೆರೆದು ಕೂತರೂ "ನಮಸ್ತೇ ಮಿಸ್" ಅನ್ನುವ ಮಕ್ಕಳಿದ್ದರು. ಇಲ್ಲಿ? ನಮ್ಮವರು ಆಫೀಸಿಗೆ ಹೋದ ಮೇಲೆ ನನ್ನನ್ನು ಕರೆಯುವುದು ಬಟ್ಟೆ ಒಗೆಯುವ ಮೆಷಿನ್ ಒಂದೇ. ಕೆಲಸ ಮುಗಿದ ಮೇಲೆ ಕುಂಯ್ ಕುಂಯ್ ಅಂತ! ಒಂದು ದಿನ ಅದಕ್ಕೆ "ಬಂದೆನಪ್ಪಾ, ತಡಿಯೋ" ಅಂದುಬಿಟ್ಟೆ. ಅಂದವಳು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಒದ್ದೆ ಬಟ್ಟೆ ಮಡಿಲಲ್ಲಿಟ್ಟುಕೊಂಡು ಚೆನ್ನಾಗಿ ಅತ್ತೆ. ನನಗಾಗಿ ಕಾಯುವ ಒಂದು ಜಾಗ, "ಇವತ್ತು ಯಾಕೆ ತಡ?" ಅಂತ ಕೇಳುವ ಒಂದು ಮನುಷ್ಯ ಪ್ರಾಣಿ ಬೇಕಿತ್ತು. ಅಷ್ಟೇ ನನ್ನ ಆಸೆ.

ಅಷ್ಟರಲ್ಲಿ ಊರಿನ ದೊಡ್ಡ ಲೈಬ್ರರಿಯಲ್ಲಿ ಮಕ್ಕಳ ವಿಭಾಗಕ್ಕೆ ಒಬ್ಬ ಸಹಾಯಕಿ ಬೇಕು ಎಂದು ಗೊತ್ತಾಯಿತು. ಇಲ್ಲಿಯ ಭಾಷೆಯ ತರಗತಿಗೆ ಹೋಗಿ ನಾಲಿಗೆ ಅಷ್ಟಿಷ್ಟು ತಿರುಗುತ್ತಿತ್ತು. ಅರ್ಜಿ ಹಾಕಿದೆ. ಇಂಟರ್‌ವ್ಯೂಗೆ ಕರೆದರು! ನಮ್ಮವರು ನನಗೊಂದು ಜೊತೆ ಕಪ್ಪು ಶೂ ಕೊಡಿಸಿದರು. ಫಳಫಳ ಹೊಳೆಯುವ ಶೂ. ಅದರೊಳಗಿನ ಕಾಲ್ಚೀಲದ ಕಥೆ ಮಾತ್ರ ಬೇರೆ. ನನ್ನ ಕಾಲುಂಗುರ ಇದೆಯಲ್ಲ, ಅದು ಯಾವ ಕಾಲ್ಚೀಲವನ್ನೂ ಒಂದು ವಾರಕ್ಕಿಂತ ಹೆಚ್ಚು ಬದುಕಗೊಡುವುದಿಲ್ಲ. ಹೆಬ್ಬೆರಳ ಪಕ್ಕದ ಬೆರಳು ತೂತು ಕೊರೆದುಕೊಂಡು ಬೆಳ್ಳಿ ಸಮೇತ ಹೊರಗಿಣುಕುತ್ತದೆ.

"ಬೇರೆ ಕಾಲ್ಚೀಲ ಹಾಕ್ಕೊಳೇ" ಅಂದರು ನಮ್ಮವರು.

"ಶೂ ಒಳಗೆ ಯಾರು ಇಣುಕಿ ನೋಡ್ತಾರೆ? ನಡೀರಿ!" ಅಂದೆ.

ಲೈಬ್ರರಿಯನ್ನು ಆಗಷ್ಟೇ ನವೀಕರಿಸಿದ್ದರು. ಇಂಟರ್‌ವ್ಯೂ ನಡೆಯುತ್ತಿದ್ದದ್ದು ಒಳಗಿನ ಓದುವ ಹಾಲಿನಲ್ಲಿ. ಹೊರಗೆ ಬೆಂಚಿನ ಮೇಲೆ ಇನ್ನೂ ನಾಲ್ಕು ಮಂದಿ ಕೂತಿದ್ದರು. ಬಾಗಿಲ ಬಳಿ ಕಾವಲುಗಾರ. ತಲೆ ಬಾಗಿಲ ಪಟ್ಟಿಗೆ ತಾಗುವಷ್ಟು ಎತ್ತರದ ಆಸಾಮಿ. ಮೊದಲು ಕರೆದದ್ದು ನನ್ನನ್ನೇ. ಕಾವಲುಗಾರ ಬಾಗಿಲು ತೆರೆದ.

ನಾನು ಒಳಗೆ ನೋಡಿದೆ. ನೋಡುತ್ತಾ ನಿಂತುಬಿಟ್ಟೆ. ಸೂರು ಪೂರಾ ಗಾಜು. ಮೇಲಿಂದ ಬೆಳಕು ಧಾರೆಯಾಗಿ ಸುರಿಯುತ್ತಿದೆ. ನಾಲ್ಕೂ ಗೋಡೆಗೆ ನೆಲದಿಂದ ಸೂರಿನವರೆಗೆ ಪುಸ್ತಕ, ಪುಸ್ತಕ, ಪುಸ್ತಕ! ನೆಲಕ್ಕೆ ಹಾಲಿನ ಕೆನೆಯಂಥ ಹೊಸ ಕಾರ್ಪೆಟ್. ಒಂದು ಉಸಿರಿನ ಸದ್ದೂ ಇಲ್ಲ. ನನ್ನ ಶಾಲೆಯ ಲೈಬ್ರರಿ ಅಂದರೆ ಎರಡು ಕಬ್ಬಿಣದ ಬೀರು, ಅದರಲ್ಲಿ ಒಂದರ ಬೀಗ ಕೆಟ್ಟಿತ್ತು. ಇಷ್ಟು ಪುಸ್ತಕ ಒಟ್ಟಿಗೆ ಇರುವ ಜಾಗ ಭೂಮಿಯ ಮೇಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿ ಬಂತು. ನಾಲ್ಕು ಹೆಜ್ಜೆ ಒಳಗೆ ಹೋದ ಮೇಲೆ ಪಾದಕ್ಕೆ ಮೆತ್ತಗೆ ಏನೋ ತಾಗಿದಂತಾಯಿತು. ಕೆಳಗೆ ನೋಡುತ್ತೇನೆ, ಶೂ ಇಲ್ಲ!

ನಾನು ಬಿಚ್ಚಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ನನ್ನ ಕಾಲುಗಳೇ ಬಿಚ್ಚಿದ್ದು! ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದ ಕಾಲುಗಳು. ಅಷ್ಟು ಪುಸ್ತಕ ಕಂಡ ಕೂಡಲೇ ನನ್ನನ್ನೊಂದು ಮಾತೂ ಕೇಳದೆ ಶೂ ಕಳಚಿ ಬಾಗಿಲ ಪಕ್ಕ ನೀಟಾಗಿ ಜೋಡಿಸಿ ಒಳಗೆ ನಡೆದುಬಿಟ್ಟಿವೆ. ವಾಪಸ್ ಹೋಗಿ ಹಾಕಿಕೊಳ್ಳೋಣ ಅಂದರೆ ಎದುರಿಗೆ ಲೈಬ್ರರಿಯ ಮುಖ್ಯಸ್ಥೆ ಕೈ ಚಾಚಿ ನಿಂತಿದ್ದಾರೆ. ಬೆಳ್ಳಿಕೂದಲಿನ ಎತ್ತರದ ಹೆಂಗಸು, ನಾನವರಿಗೆ ಇಟ್ಟ ಹೆಸರು ದೊಡ್ಡಮೇಡಂ. ಅವರ ದೃಷ್ಟಿ ನಿಧಾನವಾಗಿ ನನ್ನ ಪಾದಕ್ಕಿಳಿಯಿತು. ಎರಡು ಬೆಳ್ಳಿಯುಂಗುರದ ಬೆರಳುಗಳು ಕಾಲ್ಚೀಲದಿಂದ ತಲೆ ಹಾಕಿ ಅವರನ್ನೇ ನೋಡುತ್ತಿದ್ದವು. ಮೇಡಂ ಏನೂ ಕಾಣದವರ ಹಾಗೆ ಕುರ್ಚಿ ತೋರಿಸಿದರು.

"ಮಗು ಪುಸ್ತಕ ಹರಿದುಕೊಂಡು ತಂದರೆ ಏನು ಮಾಡ್ತೀರಿ?" ಎಂದು ಕೇಳಿದರು.

"ಪಕ್ಕದಲ್ಲಿ ಕೂರಿಸಿಕೊಂಡು ಆ ಮಗುವಿನ ಕೈಯಲ್ಲೇ ಅಂಟು ಹಾಕಿಸ್ತೀನಿ. ತಾನೇ ರಿಪೇರಿ ಮಾಡಿದ್ದನ್ನು ಮಕ್ಕಳು ಮತ್ತೆ ಹರಿಯಲ್ಲ" ಅಂದೆ. ನಮ್ಮ ಶಾಲೆಯಲ್ಲಿ ಪುಟದ ಕಿವಿ ಮಡಿಸಿದವರ ಕಿವಿಯನ್ನೂ ಅಷ್ಟೇ ಮಡಿಸುತ್ತಿದ್ದೆವು ಎಂಬ ಭಾಗವನ್ನು ನುಂಗಿಕೊಂಡೆ.

ಮೇಡಂ ತಲೆದೂಗಿದರು. ನಾನು ಹೊರಗೆ ಬಂದೆ. ಬಂದು ನೋಡುತ್ತೇನೆ, ಬೆಂಚಿನ ಮೇಲಿದ್ದ ನಾಲ್ಕು ಮಂದಿಯೂ ಕಾಲ್ಚೀಲದಲ್ಲಿ ಕೂತಿದ್ದಾರೆ! ಬಾಗಿಲ ಪಕ್ಕ ನನ್ನ ಶೂ. ಅದರ ಪಕ್ಕ ನಾಲ್ಕು ಜೊತೆ, ದಾರ ಹಿಡಿದು ಜೋಡಿಸಿದ ಹಾಗೆ ಸಾಲಾಗಿ! ನನ್ನ ಆನಂದ ಕೇಳಬೇಡಿ. ಓಹೋ, ಇಲ್ಲಿಯೂ ಇದೇ ಪದ್ಧತಿ! ನನ್ನ ಕಾಲಿಗೆ ನನಗಿಂತ ಮುಂಚೆ ಗೊತ್ತಾಗಿದೆ! ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

"ಏನು ಜನ ರೀ ಇವರು! ಲೈಬ್ರರಿಗೆ ಶೂ ಬಿಚ್ಚಿ ಹೋಗ್ತಾರೆ! ಎಂಥಾ ಸಂಸ್ಕಾರ!"

"ಶೂ ಬಿಚ್ತಾರಾ? ನಾನು ಇಲ್ಲಿ ಎರಡು ವರ್ಷದಿಂದ ಇದ್ದೀನಿ, ಎಲ್ಲೂ ನೋಡಿಲ್ಲ."

"ನೀವು ಎರಡು ವರ್ಷದಲ್ಲಿ ಲೈಬ್ರರಿಗೆ ಎಷ್ಟು ಸಲ ಹೋಗಿದ್ದೀರಿ?"

ನಮ್ಮವರು ಟಿ.ವಿ. ರಿಮೋಟು ಹುಡುಕತೊಡಗಿದರು.

ಎರಡು ದಿನಕ್ಕೆ ಫೋನ್ ಬಂತು. "ಸೋಮವಾರದಿಂದ ಬನ್ನಿ. ಒಂದು ವಾರ ನೋಡೋಣ. ಶುಕ್ರವಾರ ನಗರದ ಹಿರಿಯ ಅಧಿಕಾರಿಗಳು ಬರ್ತಾರೆ. ಬೆಂಕಿ ಗಂಟೆ ಬಾರಿಸಿ, ಎಲ್ಲರೂ ಎಷ್ಟು ಬೇಗ ಹೊರಗೆ ಹೋಗ್ತಾರೆ ಅಂತ ಪರೀಕ್ಷೆ ಮಾಡ್ತಾರೆ. ನಿಮ್ಮ ಕೆಲಸದ ತೀರ್ಮಾನವೂ ಅವತ್ತೇ" ಅಂದರು ದೊಡ್ಡಮೇಡಂ.

ಸೋಮವಾರ ಹೋದರೆ ಓದುವ ಹಾಲಿನ ಬಾಗಿಲಲ್ಲಿ ಶೂಗಳ ಸಂತೆ! ಓದುಗರು, ಗುಮಾಸ್ತರು, ಕಸ ಗುಡಿಸುವಾಕೆ, ಎಲ್ಲರದೂ. ನನಗೆ ಒಂದು ಕಡೆ ಭಕ್ತಿ, ಇನ್ನೊಂದು ಕಡೆ ಭಯ. ಭಕ್ತಿ ಯಾಕೆ ಅಂತ ಹೇಳಿದೆ. ಭಯ ಯಾಕೆ ಅಂದರೆ, ಚಪ್ಪಲಿ ರಾಶಿ ಕಂಡರೆ ನನಗೆ ಹಳೇ ಗಾಯ ನೆನಪಾಗುತ್ತದೆ. ಒಂದು ಮದುವೆಮನೆಯಿಂದ ಬರಿಗಾಲಲ್ಲಿ, ರೇಷ್ಮೆ ಸೀರೆ ಉಟ್ಟುಕೊಂಡು, ಕಾದ ಟಾರು ರಸ್ತೆಯಲ್ಲಿ ಕುಣಿಯುತ್ತಾ ಮನೆ ಸೇರಿದವಳು ನಾನು. ಅವತ್ತೇ ನಮ್ಮಮ್ಮ ವಿದ್ಯೆ ಹೇಳಿಕೊಟ್ಟಿದ್ದಳು: "ಎರಡನ್ನೂ ಒಂದೇ ಕಡೆ ಬಿಡಬೇಡ. ಒಂದು ಈ ಮೂಲೆ, ಒಂದು ಆ ಮೂಲೆ. ಒಂಟಿ ಚಪ್ಪಲಿ ಯಾವ ಕಳ್ಳನೂ ಮುಟ್ಟಲ್ಲ."

ಹೊಸ ಶೂ. ಫಳಫಳ ಹೊಳೆಯುತ್ತಿದೆ. ಕೈ ಕಟ್ಟಿ ಕೂರಲಾದೀತೆ? ಎಡಗಾಲಿನದನ್ನು ಬಾಗಿಲ ಎಡಮೂಲೆಗಿಟ್ಟೆ, ಬಲಗಾಲಿನದನ್ನು ಬಲಮೂಲೆಗಿಟ್ಟೆ. ಕಾವಲುಗಾರ ಕಣ್ಣರಳಿಸಿ ನೋಡಿದ. ನಾನು ಮುಗುಳ್ನಕ್ಕು ಒಳಗೆ ಹೋದೆ.

ಆ ದಿನ ಹೇಗೆ ಕಳೆಯಿತೋ! ಮಕ್ಕಳು ಬಂದವು. ಮೊದಲು ದೂರ ನಿಂತವು, ಆಮೇಲೆ ಒಬ್ಬಳು ಬಂದು ನನ್ನ ಕಾಲುಂಗುರ ಮುಟ್ಟಿ ನೋಡಿದಳು, ಆಮೇಲೆ ಎಲ್ಲವೂ ಬಂದು ಸುತ್ತ ಕೂತವು. ಓದಿ ಹೇಳಿದೆ. ಸಂಜೆ ಹೊರಡುವಾಗ ಆ ಹುಡುಗಿ, "ನಾಳೆ ಬೇಗ ಬರ್ತೀರಾ?" ಅಂದಳು. ನೋಡಿ, ನನಗೆ ಬೇಕಾಗಿದ್ದು ಇಷ್ಟೇ ಇತ್ತು! ಇನ್ನು ಈ ಕೆಲಸ ಕೈ ತಪ್ಪಿದರೆ ನಾನು ಬದುಕಲಾರೆ ಎಂದು ತೇಲುತ್ತಾ ಮನೆಗೆ ಬಂದೆ.

ಮಂಗಳವಾರ ಬೆಳಗ್ಗೆ ಬಾಗಿಲಿಗೆ ಬಂದವಳು ಅಲ್ಲೇ ಕಂಬವಾದೆ. ಎಡಗೋಡೆಯ ಉದ್ದಕ್ಕೂ ಎಡಗಾಲಿನ ಶೂಗಳು! ಬಲಗೋಡೆಯ ಉದ್ದಕ್ಕೂ ಬಲಗಾಲಿನ ಶೂಗಳು! ಒಂದೂ ತಪ್ಪಿಲ್ಲ! ನಡುವೆ ಕಾವಲುಗಾರ ನಿಂತು, "ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ದಯವಿಟ್ಟು, ಎಡದ್ದು ಎಡಕ್ಕೆ" ಎನ್ನುತ್ತಿದ್ದಾನೆ!

ಶೂ ಬಿಚ್ಚುವುದು ಯಾವ ದೇಶದಲ್ಲಾದರೂ ಇದ್ದೀತು. ಆದರೆ ಎಡ ಬಲ ಬೇರೆ ಮಾಡುವ ವಿದ್ಯೆ? ಅದು ನಮ್ಮಮ್ಮನದು!

ದಿನಾ ಪೇಪರ್ ಓದಲು ಬರುವ ಒಬ್ಬ ತಾತ ಇದ್ದರು. ಅವರು ಗೋಡೆ ಹಿಡಿದು ಒಂಟಿಕಾಲಲ್ಲಿ ಶೂ ಕಳಚುತ್ತಾ ಗೊಣಗಿದರು. "ಚಿಕ್ಕಂದಿನಿಂದ ಇಲ್ಲಿಗೆ ಬರ್ತಿದ್ದೀನಿ. ಈಗ ಹೊಸ ಕಾನೂನು. ಏನೋ, ಕಾನೂನು ಅಂದ ಮೇಲೆ ಕಾನೂನು."

"ಹೊ... ಹೊಸದಾ? ಯಾವಾಗಿಂದ?" ಅಂದೆ.

"ಹೋದ ವಾರದಿಂದ. ಇಂಟರ್‌ವ್ಯೂ ನಡೀತಲ್ಲ, ಅವತ್ತಿಂದ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಕಾಲು ನೋಡಿಕೊಂಡೆ. ಆದರೂ ಒಂದು ಆಸೆ. ಮೆಲ್ಲಗೆ ಕಾವಲುಗಾರನನ್ನು ಕೇಳಿದೆ, "ಈ ಕಾನೂನು ಯಾರು ಮಾಡಿದ್ದು?" ಅವನು, "ಮೇಡಂ ಇರಬೇಕು. ಇಂಟರ್‌ವ್ಯೂ ದಿನ ಅವರಿದ್ದ ಹಾಲಿನ ಬಾಗಿಲಲ್ಲೇ ಶೂ ಬಿಟ್ಟಿದ್ದು ನೋಡಿದೆ. ಅವತ್ತಿಂದ ಎಲ್ಲರಿಗೂ ಹೇಳ್ತಿದ್ದೀನಿ" ಅಂದ. ಮೇಡಂ ಕೋಣೆಗೆ ಹೋದರೆ ಅವರೂ ಕಾಲ್ಚೀಲದಲ್ಲಿದ್ದಾರೆ! ಕೇಳಿದೆ. "ಹೊಸ ಕಾರ್ಪೆಟ್ ಹಾಕಿದ್ದಾರಲ್ಲ, ಮೇಲಿನ ಆಫೀಸಿನಿಂದ ಕಾವಲುಗಾರನಿಗೆ ಆದೇಶ ಬಂದಿರಬೇಕು. ಒಳ್ಳೇದೇ, ನೆಲ ಎಷ್ಟು ಚೊಕ್ಕಟವಾಗಿದೆ ನೋಡಿ" ಅಂದರು.

ಅಯ್ಯೋ ದೇವರೇ! ಯಾರೂ ಯಾರನ್ನೂ ಕೇಳಿಲ್ಲ! ಮುಂದಿರೋರು ಏನು ಮಾಡಿದರೋ ಅದನ್ನೇ ಎಲ್ಲರೂ ಮಾಡಿದ್ದಾರೆ! ನನ್ನ ಸೂತ್ರವನ್ನು ಇಡೀ ಊರು ನನಗಿಂತ ಚೆನ್ನಾಗಿ ಪಾಲಿಸುತ್ತಿದೆ! ಮುಂದಿರುವವಳು ಮಾತ್ರ ನಾನು!

ಮನೆಗೆ ಬಂದು ನಮ್ಮವರ ಮುಂದೆ ಎಲ್ಲ ಕಕ್ಕಿದೆ. ಅವರು ಸೋಫಾದಿಂದ ಜಾರಿ ಬೀಳುವಷ್ಟು ನಕ್ಕರು.

"ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತಂತೆ!"

"ಕೋತಿ ಅಂದ್ರಾ? ಆಗಲಿ. ಈಗ ಏನು ಮಾಡ್ಲಿ, ಅದು ಹೇಳಿ."

"ಹೋಗಿ ನಿಜ ಹೇಳು."

"ಹೇಳಿದರೆ ಕೆಲಸ ಹೋಗುತ್ತೆ. ಹೊಸಬಳು, ಏನೂ ಗೊತ್ತಿಲ್ಲದವಳು ಅಂತಾರೆ."

"ಹಾಗಾದರೆ ಹೇಳಬೇಡ."

"ಹೇಳದಿದ್ದರೆ ಆ ತಾತ ದಿನಾ ಒಂಟಿಕಾಲಲ್ಲಿ ನಿಲ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತೆ ರೀ."

ನಮ್ಮವರು ನಗು ನಿಲ್ಲಿಸಿದರು. "ಶುಕ್ರವಾರ ಕಳೀಲಿ. ಕೆಲಸ ಖಾಯಂ ಆದ ಮೇಲೆ ಹೇಳು" ಎಂದು ರಾಜಿ ಸೂತ್ರ ಕೊಟ್ಟರು. ಅಪರೂಪಕ್ಕೆ ನಾನು ಅವರ ಮಾತು ಕೇಳಿದೆ. ಕೇಳಬಾರದಿತ್ತು.

ಶುಕ್ರವಾರ ಅಧಿಕಾರಿ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಸೂಟು, ಇಸ್ತ್ರಿ ಮಾಡಿದ ಮುಖ. ಕೈಯಲ್ಲಿ ಕಾಲ ಅಳೆಯುವ ಗಡಿಯಾರ. ಬಾಗಿಲಲ್ಲಿ ಎರಡು ಸಾಲು ಶೂ ಕಂಡು ಹುಬ್ಬು ಕೂಡ ಏರಿಸಲಿಲ್ಲ. ಎಡದ್ದನ್ನು ಎಡಕ್ಕಿಟ್ಟು ಬಲದ್ದನ್ನು ಬಲಕ್ಕಿಟ್ಟು ಒಳಗೆ ಬಂದರು! ನನಗೆ ಅಲ್ಲೇ ನೆಲ ಬಿರಿದು ನುಂಗಿಬಿಡಲಿ ಅನ್ನಿಸಿತು. ಸಾಹೇಬರು ಕಪಾಟುಗಳನ್ನು ನೋಡಿದರು. ಮಕ್ಕಳ ಮೂಲೆಗೆ ಬಂದು ಕಾಲು ಮಡಿಸಿ ಕೂತು ಅರ್ಧ ಕಥೆ ಕೇಳಿದರು. ದೊಡ್ಡಮೇಡಂ ದೂರದಿಂದಲೇ ನನಗೆ ಹೆಬ್ಬೆರಳು ತೋರಿಸಿದರು. ಇನ್ನೇನು ಗೆದ್ದೆ!

ಆಗ ಢಣಢಣಢಣ ಎಂದು ಬೆಂಕಿ ಗಂಟೆ ಬಾರಿಸಿತು.

ನಮ್ಮ ಕಡೆ ಆಗಿದ್ದರೆ ಗಂಟೆಯ ಎರಡನೆಯ 'ಢಣ'ಕ್ಕೆ ಕಟ್ಟಡದಲ್ಲಿ ಜಿರಳೆಯೂ ಉಳಿಯುತ್ತಿರಲಿಲ್ಲ. ಇಲ್ಲಿ? ಎಲ್ಲರೂ ಮೆಲ್ಲಗೆ ಎದ್ದರು. ಕುರ್ಚಿ ಒಳಗೆ ತಳ್ಳಿದರು. ಬಾಗಿಲಿಗೆ ಬಂದರು. ಹೊರಗೆ ಜಲ್ಲಿಕಲ್ಲಿನ ದಾರಿ, ಬರಿಗಾಲಲ್ಲಿ ಹೋಗುವಂತಿಲ್ಲ. ಏನು ಮಾಡಬೇಕು? ಸಾಲು ಹಚ್ಚಿದರು! ಮೊದಲು ಎಡಗಾಲಿನ ಶೂಗೆ ಎಡಗೋಡೆಯ ಬಳಿ ಒಂದು ಸಾಲು. ಒಬ್ಬೊಬ್ಬರೇ ಬಾಗಿ, ತಮ್ಮ ಎಡದ್ದನ್ನು ಹುಡುಕಿ, ಹಾಕಿ, ದಾರ ಕಟ್ಟಿ, ಕುಂಟುತ್ತಾ ಹೋಗಿ ಬಲಗೋಡೆಯ ಸಾಲಿನ ತುದಿಗೆ ನಿಲ್ಲುವುದು! ಎರಡು ಸಾಲೂ ನಡುವಲ್ಲಿ ಸಿಕ್ಕಿಹಾಕಿಕೊಂಡವು. "ನೀವು ಮೊದಲು", "ಇಲ್ಲ ಇಲ್ಲ, ನೀವು ಮೊದಲು" ಎಂದು ಉಪಚಾರ ಬೇರೆ! ಗಂಟೆ ಬಡಿಯುತ್ತಲೇ ಇದೆ. ಸಾಹೇಬರು ಗಡಿಯಾರ ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದಾರೆ. ಅವರ ಮುಖದ ಇಸ್ತ್ರಿ ಕೆಡತೊಡಗಿದೆ. ಯಾರೊಬ್ಬರೂ ತಳ್ಳುವುದಿಲ್ಲ, ನುಗ್ಗುವುದಿಲ್ಲ! ಆ ತಾಳ್ಮೆ ಕಂಡು ನನಗೆ ಒಂದು ಗಳಿಗೆ ಕೈ ಮುಗಿಯಬೇಕು ಅನ್ನಿಸಿತು.

ಮರುಗಳಿಗೆ ಮಕ್ಕಳ ಮುಖ ನೋಡಿದೆ. ಆ ಪುಟ್ಟ ಹುಡುಗಿ ನನ್ನ ಬೆರಳು ಬಿಗಿಯಾಗಿ ಹಿಡಿದಿದ್ದಳು. ಇದು ನಿಜವಾದ ಬೆಂಕಿಯಾಗಿದ್ದರೆ? ನನ್ನ ಶೂ ಕಳ್ಳರ ಭಯಕ್ಕೆ ಈ ಮಕ್ಕಳು ಇಲ್ಲಿ ಸಾಲಲ್ಲಿ ನಿಂತು... ಸೂತ್ರ, ಪ್ರತಿಜ್ಞೆ, ಕೆಲಸ ಎಲ್ಲ ಮರೆತೆ. ಶೂ ರಾಶಿಯ ನಡುವೆ ಧುಮುಕಿದೆ. ಎರಡು ಕೈಯಲ್ಲೂ ಸಿಕ್ಕಿದ ಶೂ ಎತ್ತಿ ಎತ್ತಿ ಅವರವರ ಮುಂದೆ ಎಸೆಯುತ್ತಾ, ಮದುವೆಮನೆಯಲ್ಲಿ ಕೂಗುವ ಕಂಠದಲ್ಲಿ ಕೂಗಿದೆ. "ಯಾರದಾದರೇನು! ಒಂದು ಎಡ, ಒಂದು ಬಲ! ಸಿಕ್ಕಿದ್ದು ಹಾಕ್ಕೊಳ್ಳಿ, ನಡೀರಿ! ನಡೀರಿ ಅಂದ್ರೆ!"

ಆ ಹಾಲಿನಲ್ಲಿ ಅಷ್ಟು ದೊಡ್ಡ ದನಿ ಹುಟ್ಟಿದ್ದು ಅದೇ ಮೊದಲಿರಬೇಕು. ಎಲ್ಲರೂ ಬೆಚ್ಚಿದರು. ಬೆಚ್ಚಿ, ವಿಧೇಯರಾಗಿ, ಸಿಕ್ಕಿದ್ದನ್ನು ಹಾಕಿಕೊಂಡು ನಡೆದೇಬಿಟ್ಟರು! ಕಣ್ಣು ಮಿಟುಕಿಸುವುದರಲ್ಲಿ ಹಾಲು ಖಾಲಿ!

ಹೊರಗೆ ಬಂದು ನೋಡಿದರೆ ಆ ದೃಶ್ಯ ನೋಡಲು ಎರಡು ಕಣ್ಣು ಸಾಲದು. ಸಾಹೇಬರ ಒಂದು ಕಾಲಲ್ಲಿ ತಮ್ಮದೇ ಕಪ್ಪು ಶೂ, ಇನ್ನೊಂದರಲ್ಲಿ ಯಾರದೋ ಕೆಂಪು ಹೈಹೀಲ್ಡು! ಹಡಗಿನ ಹಾಗೆ ಒಂದು ಪಕ್ಕಕ್ಕೆ ವಾಲಿ ನಿಂತಿದ್ದಾರೆ. ಪೇಪರ್ ತಾತನ ಕಾಲಿಗೆ ಕಾವಲುಗಾರನ ದೋಣಿಯಂಥ ಬೂಟು. ಕಾವಲುಗಾರನ ಹೆಬ್ಬೆರಳಿಗೆ ಯಾವುದೋ ಮಗುವಿನ ಚಪ್ಪಲಿ ಸಿಕ್ಕಿಕೊಂಡಿದೆ. ದೊಡ್ಡಮೇಡಂ ಕಾಲಲ್ಲಿ ಒಂದು ನನ್ನದು! ಶೂ ಇಲ್ಲದೆ ಉಳಿದವಳು ನಾನೊಬ್ಬಳೇ. ಜಲ್ಲಿಯ ಮೇಲೆ ನನ್ನ ಬೆಳ್ಳಿಯುಂಗುರ ಬಿಸಿಲಿಗೆ ಮಿಂಚುತ್ತಿತ್ತು.

ಮಾಡಿದ್ದುಣ್ಣೋ ಮಹರಾಯ ಅಂತ ಮುಂದೆ ಬಂದೆ. "ಎಲ್ಲಾ ನನ್ನದೇ ತಪ್ಪು. ಇದು ಯಾರ ಕಾನೂನೂ ಅಲ್ಲ. ಶೂ ಬಿಚ್ಚಿದ್ದು ನಾನು. ನಮ್ಮ ಕಡೆ ಪುಸ್ತಕ ಅಂದರೆ ದೇವರು. ಅಷ್ಟು ಪುಸ್ತಕ ನೋಡಿ ನನಗೆ ಮೈಮೇಲೆ ಎಚ್ಚರ ಇರಲಿಲ್ಲ. ಬೇರೆ ಬೇರೆ ಇಟ್ಟಿದ್ದೂ ನಾನೇ. ಅದು ದೇವರಿಗಲ್ಲ, ಕಳ್ಳರಿಗೆ. ನಾನು ಈ ಊರಿಗೆ ಹೊಸಬಳು. ನನಗೆ ಇಲ್ಲಿಯದು ಏನೂ ಗೊತ್ತಿಲ್ಲ" ಅಂದೆ. ಯಾವ ಮಾತನ್ನು ಯಾರಿಗೂ ಗೊತ್ತಾಗಕೂಡದು ಎಂದಿದ್ದೆನೋ ಅದನ್ನು ಇಡೀ ಬೀದಿಯ ಮುಂದೆ ನನ್ನ ಬಾಯಾರೆ ಹೇಳಿದ್ದೆ.

ಸಾಹೇಬರು ಮೇಡಂ ಕಡೆ ತಿರುಗಿದರು. "ಇದು ನಿಮ್ಮ ಆದೇಶ ಅಲ್ವಾ?"

"ನಿಮ್ಮದು ಅಂದುಕೊಂಡಿದ್ದೆ" ಅಂದರು ಮೇಡಂ.

"ಛೆ! ನೀವು ಶುರು ಮಾಡಿದ್ದೀರಿ ಅಂತ ಕೇಳಿ, ಬಹಳ ಚೆನ್ನಾಗಿದೆ ಅಂತ ಊರಿನ ಬೇರೆ ಲೈಬ್ರರಿಗಳಿಗೂ ನಾನು ಹೇಳಿಬಿಟ್ಟಿದ್ದೀನಲ್ಲ!"

ಮೊದಲು ನಕ್ಕವರು ಪೇಪರ್ ತಾತ. ಆಮೇಲೆ ಮೇಡಂ. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಸಾಹೇಬರು ಹೈಹೀಲ್ಡಿನ ಮೇಲೆ ತೂಗಾಡುತ್ತಾ ನನ್ನ ಹತ್ತಿರ ಬಂದರು. "ನೋಡಮ್ಮಾ, ನಮ್ಮ ಜನ ಬೆಂಕಿಯಲ್ಲೂ ಸರದಿ ಬಿಡಲ್ಲ ಅಂತ ಇವತ್ತು ಗೊತ್ತಾಯ್ತು. ಹಿಂದಿನಿಂದ ಹೀಗೆ ಕೂಗೋರು ಒಬ್ಬರು ನಮಗೆ ಬೇಕು. ಇನ್ನು ಮೇಲೆ ಎಲ್ಲರೂ ಶೂ ಹಾಕ್ಕೊಂಡೇ ಒಳಗೆ ಬರಲಿ. ಮಕ್ಕಳ ಮೂಲೆಯಲ್ಲಿ ಮಾತ್ರ ನಿಮ್ಮ ಪದ್ಧತಿ ಇರಲಿ. ಆದರೆ ಜೊತೆ ಜೊತೆಯಾಗಿ! ಸೋಮವಾರ ತಡ ಮಾಡದೆ ಬನ್ನಿ" ಅಂದರು.

ಕೆಲಸ ಖಾಯಂ! ಬರಿಗಾಲಲ್ಲೇ ಕುಣಿದುಬಿಡೋಣ ಅನ್ನಿಸಿತು, ಜಲ್ಲಿ ಚುಚ್ಚಿತು. ಒಬ್ಬ ಪರದೇಶದ ಹೆಂಗಸು ಬಾಗಿಲಲ್ಲಿ ಬಿಟ್ಟ ಶೂ ಕಂಡು, ಯಾಕೆ ಏನು ಅಂತ ಕೇಳದೆ, ಏನೋ ಕಾರಣ ಇರಬೇಕು ಎಂದು ಗೌರವದಿಂದ ತಮ್ಮ ಶೂ ಬಿಚ್ಚಿದ ಜನ! ಇಂಥವರೂ ಇದ್ದಾರಾ ಪ್ರಪಂಚದಲ್ಲಿ ಎಂದು ಆ ದಿನವೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡೇ ಇದ್ದೆ.

ತಿಂಗಳುಗಳು ಉರುಳಿದವು. ನಾನು ಕಷ್ಟಪಟ್ಟು ಕಾಲಿಗೆ ಬುದ್ಧಿ ಕಲಿಸಿದೆ. ಪುಸ್ತಕಗಳಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿ ಶೂ ಹಾಕಿಕೊಂಡೇ ಟಕಟಕ ನಡೆಯುವುದನ್ನು ಅಭ್ಯಾಸ ಮಾಡಿದೆ. ಒಂದು ಭಾನುವಾರ ನಮ್ಮವರು, "ಊರಿನ ಆ ತುದಿಯಲ್ಲೂ ಒಂದು ಲೈಬ್ರರಿ ಇದೆಯಂತೆ, ನೋಡ್ಕೊಂಡು ಬರೋಣ" ಅಂದರು.

"ನಡೀರಿ. ನಾನೀಗ ಹೇಗೆ ಅಪ್ಪಟ ಈ ಊರಿನವಳಾಗಿದ್ದೀನಿ ಅಂತ ತೋರಿಸ್ತೀನಿ!" ಅಂದೆ.

ತಲೆಯೆತ್ತಿ, ಎದೆಯೆತ್ತಿ, ಟಕಟಕ ಎಂದು ಒಳಗೆ ನಡೆದೆ. ಇಡೀ ಹಾಲು ತಿರುಗಿ ನೋಡಿತು. ಯಾಕಪ್ಪಾ ಎಂದು ಹಿಂದೆ ನೋಡಿದರೆ ನಮ್ಮವರು ಬಾಗಿಲಲ್ಲೇ ಕಾಲ್ಚೀಲದಲ್ಲಿ ನಿಂತಿದ್ದಾರೆ.

"ನೀವ್ಯಾಕೆ ರೀ ಬಿಚ್ಚಿದ್ರಿ?"

"ಮುಂದಿರೋರು ಬಿಚ್ಚಿದ್ರು ಕಣೇ!"

ಅಷ್ಟರಲ್ಲಿ ಒಬ್ಬರು ಅಜ್ಜಿ ನನ್ನ ಬಳಿ ಬಂದು ಮೊಣಕೈ ಮುಟ್ಟಿದರು. ಬಹಳ ಮೃದುವಾಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದರು.

"ಈ ಊರಿಗೆ ಹೊಸಬರಾ ಅಮ್ಮಾ? ಬೇಜಾರು ಮಾಡ್ಕೋಬೇಡಿ. ಇಲ್ಲಿ ಶೂ ಬಿಚ್ಚಿ ಬರೋದು ನಮ್ಮ ಪದ್ಧತಿ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ನಮ್ಮ ಮುತ್ತಜ್ಜಿಯರ ಕಾಲದಿಂದಲೂ ಹೀಗೇ. ನಿಮ್ಮ ಕಡೆ ಇಂಥದ್ದೆಲ್ಲ ಇರಲಿಕ್ಕಿಲ್ಲ, ಪಾಪ!"

ನಾನು ಬಾಗಿ ಶೂ ಬಿಚ್ಚಿದೆ. "ಇಲ್ಲಮ್ಮಾ, ಇವತ್ತೇ ಕಲಿತೆ" ಅಂದೆ.